ಒಂದೇ ಅಚ್ಚಿನ ದೋಣಿಗಳು: ಮಹಾಸಾಗರದ ರೇಸಿನಲ್ಲಿ ಎಲ್ಲರಿಗೂ ಒಂದೇ ಯಾಟ್ ಏಕೆ?

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಸೋದರಮಾವನ ಬಾಡಿಗೆ ಸೈಕಲ್ ಅಂಗಡಿ ಇತ್ತು. ಒಂದೇ ಸಲಕ್ಕೆ ತಂದ 10 ಸೈಕಲ್. ಒಂದೇ ಕಂಪನಿ, ಒಂದೇ ಸೈಜು, ಒಂದೇ ಹಸಿರು ಬಣ್ಣ. ಹಿಂದಿನ ಮಡ್‌ಗಾರ್ಡ್ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್. ಬೇಸಿಗೆ ರಜೆಯಲ್ಲಿ ನಾವು ಹುಡುಗರು ಕುಂದವಾಡ ಕೆರೆಯವರೆಗೆ ರೇಸ್ ಬಿಡುತ್ತಿದ್ದೆವು. ಯಾರು ಗೆಲ್ಲುತ್ತಾರೆ ಅನ್ನೋದು ಹೊರಡುವ ಮೊದಲೇ ಗೊತ್ತಿರುತ್ತಿತ್ತು. 5ನೇ ನಂಬರ್ ಸೈಕಲ್ ಯಾರಿಗೆ ಸಿಕ್ಕಿತೋ ಅವನೇ. ಅದರ ಬೇರಿಂಗ್ ಮಾತ್ರ ಯಾಕೋ ಬೆಣ್ಣೆಯ ಹಾಗೆ ತಿರುಗುತ್ತಿತ್ತು.

ಈ ಸೈಕಲ್ ಕಥೆ ಮತ್ತೆ ನೆನಪಾಗಿದ್ದು ಸಮುದ್ರದ ವಿಷಯದಿಂದ. ಅಕ್ಕನ ಮಗಳು ಮಂಗಳೂರಿನಲ್ಲಿ ಓದುತ್ತಾಳೆ, ಎನ್‌ಸಿಸಿ ನೌಕಾ ವಿಭಾಗದಲ್ಲಿದ್ದಾಳೆ. 2025ರ ಮೇ 29ರಂದು ನೌಕಾಪಡೆಯ ದಿಲ್ನಾ ಮತ್ತು ರೂಪಾ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಇಡೀ ಭೂಮಿ ಸುತ್ತಿ ಗೋವಾಕ್ಕೆ ಮರಳಿದರಲ್ಲ, ಅಂದಿನಿಂದ ಅವಳಿಗೆ ದೋಣಿಯದೇ ಧ್ಯಾನ. ರಜೆಗೆ ಬಂದವಳು ಮನೆಮಂದಿಗೆಲ್ಲ ಫೋನಿನಲ್ಲಿ ವಿಡಿಯೊ ತೋರಿಸಿದಳು. ಭೂಮಿ ಸುತ್ತುವ ರೇಸಿಗೆ ಸಾಲಾಗಿ ಹೊರಟ ಏಳು ದೋಣಿ. ಬಣ್ಣ ಒಂದು ಬಿಟ್ಟರೆ ತದ್ರೂಪು.

“ಎಲ್ಲಾ ಒಂದೇ ತರ ಅದಾವಲ್ಲಮ್ಮಾ, ಮತ್ತೆ ಗೆಲ್ಲೋದು ಹೆಂಗೆ?” ಅಂತ ಅಮ್ಮ ಕೇಳಿದರು.

ಮಾವ ಕೇಳಿದ್ದು ಬೇರೆ ಪ್ರಶ್ನೆ. “ಆರು ತಿಂಗಳಾದ್ ಮೇಲೂ ಒಂದೇ ತರ ಇರ್ತಾವಾ?”

ಅಮ್ಮನ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಮಾವನ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತಿನ ದೋಣಿ ಕಟ್ಟುವವರು ಕೋಟಿಗಟ್ಟಲೆ ಹಣ ಸುರಿದಿದ್ದಾರೆ.

ಮೊದಲು, ಗಾಳಿಗೆದುರು ಹೋಗುವುದು ಹೇಗೆ?

ಹಾಯಿದೋಣಿ ಅಂದರೆ ಗಾಳಿ ಹಿಂದಿನಿಂದ ನೂಕುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ, ಇಷ್ಟೇ ನಮಗೆ ಗೊತ್ತಿರುವುದು. ಅಷ್ಟೇ ಆಗಿದ್ದರೆ ಹೋದ ದೋಣಿ ವಾಪಸ್ ಬರುತ್ತಿರಲಿಲ್ಲ.

ಹಾಯಿ ಗಾಳಿ ತುಂಬಿಕೊಂಡಾಗ ಚೀಲದ ಹಾಗೆ ಕಾಣುತ್ತದೆ ನಿಜ, ಆದರೆ ಕೆಲಸ ಮಾಡುವುದು ರೆಕ್ಕೆಯ ಹಾಗೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡಿ. ಗಾಳಿ ಎದುರಿನಿಂದ ಬೀಸುತ್ತದೆ, ರೆಕ್ಕೆ ಮಾತ್ರ ಅಡ್ಡಕ್ಕೆ ಓಡುತ್ತದೆ. ಬಾಗಿದ ಮೈಯ ಎರಡೂ ಬದಿಯಲ್ಲಿ ಗಾಳಿಯ ವೇಗ ಬೇರೆ, ಒತ್ತಡ ಬೇರೆ. ಆ ವ್ಯತ್ಯಾಸವೇ ರೆಕ್ಕೆಯನ್ನು ಎಳೆಯುವುದು. ಹಾಯಿಯನ್ನು ಎಳೆಯುವುದೂ ಅದೇ.

ಆ ಎಳೆತ ದೋಣಿಯನ್ನು ಮುಂದಕ್ಕಿಂತ ಪಕ್ಕಕ್ಕೇ ಜಾಸ್ತಿ ಎಳೆಯುತ್ತದೆ. ಅಲ್ಲಿ ಕೀಲ್ ಬರುತ್ತದೆ. ಕೀಲ್ ಅಂದರೆ ದೋಣಿಯ ಹೊಟ್ಟೆಯಿಂದ ನೀರಿನೊಳಕ್ಕೆ ಇಳಿದ ಗಟ್ಟಿ ರೆಕ್ಕೆ. ಅದು ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ನೆನೆದ ಹುಣಸೆ ಬೀಜವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಎರಡು ಕಡೆಯಿಂದ ಒತ್ತಿದರೆ ಅದು ಮೂರನೇ ದಿಕ್ಕಿಗೆ ಚಿಮ್ಮುತ್ತದೆ, ಅಲ್ವಾ? ಮೇಲೆ ಗಾಳಿ, ಕೆಳಗೆ ನೀರು, ನಡುವೆ ಸಿಕ್ಕಿದ ದೋಣಿ ಮುಂದಕ್ಕೆ ಚಿಮ್ಮುತ್ತದೆ.

ಹೀಗಿದ್ದರೂ ನೇರ ಗಾಳಿಯ ಮುಖಕ್ಕೆ ಹೋಗಲಾಗುವುದಿಲ್ಲ. ಸ್ವಲ್ಪ ಎಡಕ್ಕೆ, ಆಮೇಲೆ ಸ್ವಲ್ಪ ಬಲಕ್ಕೆ ಹಾವಿನಂತೆ ಹೋಗಬೇಕು. ಜೋಗಿಮಟ್ಟಿ ಹತ್ತುವ ರಸ್ತೆ ನೇರ ಮೇಲಕ್ಕೆ ಹೋಗದೆ ತಿರುಗಿ ತಿರುಗಿ ಹೋಗುವ ಹಾಗೆ. ಯಾವಾಗ ತಿರುಗಬೇಕು ಅನ್ನುವುದರಲ್ಲೇ ಅರ್ಧ ರೇಸ್ ಇದೆ.

ರೇಸ್ ನಡೆಸಲು ಮೂರು ದಾರಿ

ಬೇರೆ ಬೇರೆ ದೋಣಿಗಳು ಒಟ್ಟಿಗೆ ಹೊರಟರೆ ನ್ಯಾಯ ಹೇಗೆ? ಹಳೆಯ ದಾರಿ ಹ್ಯಾಂಡಿಕ್ಯಾಪ್. ಓಟದ ಪಂದ್ಯದಲ್ಲಿ ಚಿಕ್ಕ ಹುಡುಗನನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸುತ್ತೇವಲ್ಲ, ಆ ತರ. ಪ್ರತಿ ದೋಣಿಗೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಓಡಿದ ಸಮಯವನ್ನು ಅದರಿಂದ ಗುಣಿಸುತ್ತಾರೆ. ದೊಡ್ಡ ದೋಣಿ 10 ಗಂಟೆಯಲ್ಲಿ ಬಂತು, ಅದರ ಸಂಖ್ಯೆ 1.1, ಲೆಕ್ಕಕ್ಕೆ 11 ಗಂಟೆ. ಚಿಕ್ಕದು ಹತ್ತೂವರೆ ಗಂಟೆ ತೆಗೆದುಕೊಂಡಿತು, ಸಂಖ್ಯೆ 1. ಗೆದ್ದದ್ದು ಚಿಕ್ಕದು. ಲೆಕ್ಕ ಸರಿ. ಆದರೆ ದಡದಲ್ಲಿ ನಿಂತವನಿಗೆ ಮೊದಲು ಬಂದವನು ಸೋತಿದ್ದು ಯಾಕೆ ಅಂತ ತಿಳಿಯುವುದಿಲ್ಲ.

ಎರಡನೆಯದು ಬಾಕ್ಸ್ ರೂಲ್. ಉದ್ದ ಇಷ್ಟು, ಅಗಲ ಇಷ್ಟರೊಳಗೆ, ತೂಕ ಇಷ್ಟರಿಂದ ಇಷ್ಟು ಎಂದು ಒಂದು ಪೆಟ್ಟಿಗೆಯ ಅಳತೆ ಕೊಡುತ್ತಾರೆ. ಅದರೊಳಗೆ ಏನು ಬೇಕಾದರೂ ಮಾಡಿಕೊಳ್ಳಿ. ಇಲ್ಲಿ ನಾವಿಕರ ಜೊತೆ ಎಂಜಿನಿಯರುಗಳಿಗೂ ಪಂದ್ಯ. ದುಡ್ಡಿಗೂ ಪಂದ್ಯ.

ಮೂರನೆಯದೇ ಒನ್ ಡಿಸೈನ್. ಒಂದೇ ನಕ್ಷೆ, ಒಂದೇ ಅಚ್ಚು, ಒಂದೇ ಹಾಯಿ, ಒಂದೇ ತೂಕ. ಮೊದಲು ಬಂದವನೇ ಮೊದಲು.

ಒಲಿಂಪಿಕ್ಸಿನಲ್ಲಿ ಒಬ್ಬರೇ ಓಡಿಸುವ ದೋಣಿ ಲೇಸರ್ ಈ ಜಾತಿಯದು. ಈಗ ಅದನ್ನು ಐಎಲ್‌ಸಿಎ ಅನ್ನುತ್ತಾರೆ. ಟೋಕಿಯೊಗೆ ಹೋಗಿದ್ದ ನೇತ್ರಾ ಕುಮನನ್, 2023ರಲ್ಲಿ ಏಷ್ಯನ್ ಗೇಮ್ಸ್ ಕಂಚು ಗೆದ್ದ ವಿಷ್ಣು ಸರವಣನ್ ಓಡಿಸುವುದು ಇದನ್ನೇ. ನಮ್ಮ ಹುಡುಗಿ ಕಲಿಯುತ್ತಿರುವ ಇಬ್ಬರ ದೋಣಿ ‘ಎಂಟರ್‌ಪ್ರೈಸ್’ ಕೂಡ 1956ರ ಒಂದೇ ನಕ್ಷೆಯದು. ಇವೆಲ್ಲ ಬೆಳಿಗ್ಗೆ ಹೋಗಿ ಸಂಜೆಗೆ ದಡ ಸೇರುವ ದೋಣಿಗಳು. ವಾರಗಟ್ಟಲೆ ದಡವೇ ಕಾಣದ ಮಹಾಸಾಗರಕ್ಕೆ ಇದೇ ಉಪಾಯ ನಡೆಯುತ್ತದಾ?

ಕೊಚ್ಚಿಗೆ ಬಂದಿದ್ದ ದೋಣಿಗಳ ಕಥೆ

ಭೂಮಿ ಸುತ್ತುವ ತಂಡಗಳ ದೊಡ್ಡ ರೇಸ್ 1973ರಲ್ಲಿ ಶುರುವಾಯಿತು. ಆಗ ಅದರ ಹೆಸರು ವಿಟ್‌ಬ್ರೆಡ್, ಆಮೇಲೆ ವೋಲ್ವೊ ಓಷನ್ ರೇಸ್, ಈಗ ದಿ ಓಷನ್ ರೇಸ್. 2008ರ ಕೊನೆಯಲ್ಲಿ ಈ ರೇಸ್ ಕೇಪ್‌ಟೌನ್‌ನಿಂದ ನಮ್ಮ ಕೊಚ್ಚಿಗೆ ಬಂದಿತ್ತು. ಆಗ ಓಡುತ್ತಿದ್ದುದು ‘ಓಪನ್ 70’ ಎಂಬ ಬಾಕ್ಸ್ ರೂಲ್ ದೋಣಿಗಳು. ಸುಮಾರು 70 ಅಡಿ ಉದ್ದ, ಪ್ರತಿ ತಂಡಕ್ಕೂ ಅದರದೇ ನಕ್ಷೆ.

ಹಗುರ ಮಾಡಿದಷ್ಟೂ ವೇಗ. ಹಗುರ ಮಾಡಿದಷ್ಟೂ ಮುರಿಯುವ ಭಯ. 2011ರ ನವೆಂಬರಿನಲ್ಲಿ ಸ್ಪೇನಿನ ಅಲಿಕಾಂತೆಯಿಂದ 6 ದೋಣಿ ಹೊರಟವು. ಮೊದಲ ಹಂತದಲ್ಲೇ ಎರಡರ ಹಾಯಿಕಂಬ ಮುರಿಯಿತು, ಇನ್ನೊಂದರ ಒಡಲು ಒಡೆಯಿತು. ಅರ್ಧಕ್ಕರ್ಧ! ಅದಕ್ಕೂ ಹಿಂದಿನ ಸಲ 8 ತಂಡ ಇದ್ದವು. ಖರ್ಚು ಏರುತ್ತಿತ್ತು, ತಂಡ ಇಳಿಯುತ್ತಿತ್ತು. ಆಗ ನಡೆಸುವವರು ತೀರ್ಮಾನಿಸಿದರು: ಇನ್ನು ಎಲ್ಲರಿಗೂ ಒಂದೇ ದೋಣಿ.

ಅದೇ ‘ವೋಲ್ವೊ ಓಷನ್ 65’. ನಕ್ಷೆ ಅಮೆರಿಕದ ಫಾರ್ ಯಾಟ್ ಡಿಸೈನ್ ಸಂಸ್ಥೆಯದು. ಒಡಲು ಸುಮಾರು 20 ಮೀಟರ್ ಉದ್ದ. ಹಾಯಿಕಂಬ 30 ಮೀಟರ್, ಅಂದರೆ ಹತ್ತಂತಸ್ತಿನ ಕಟ್ಟಡದಷ್ಟು. ತೂಕ ಮಾತ್ರ ಹನ್ನೆರಡೂವರೆ ಟನ್, ನಮ್ಮ ಎಪಿಎಂಸಿಗೆ ಬರುವ ಒಂದು ಲೋಡ್ ಮೆಕ್ಕೆಜೋಳದಷ್ಟು. ಮೈಯೆಲ್ಲ ಕಾರ್ಬನ್ ಫೈಬರ್.

ಇದರ ಕೀಲ್ ಸ್ವಾರಸ್ಯದ್ದು. ಗಾಳಿಗೆ ದೋಣಿ ವಾಲುತ್ತದೆ. ತುಂಬಿದ ಕೊಡಪಾನ ಒಂದೇ ಕೈಯಲ್ಲಿ ಹೊತ್ತವರು ಮೈಯನ್ನು ಇನ್ನೊಂದು ಬದಿಗೆ ಬಾಗಿಸುತ್ತಾರಲ್ಲ, ಈ ದೋಣಿಯೂ ಹಾಗೇ ಮಾಡುತ್ತದೆ. ಕೀಲಿನ ತುದಿಯಲ್ಲಿ ಭಾರವಾದ ಗುಂಡು ಇರುತ್ತದೆ. ಇಡೀ ಕೀಲನ್ನು ಯಂತ್ರದಿಂದ 40 ಡಿಗ್ರಿವರೆಗೆ ಗಾಳಿ ಬರುವ ಕಡೆಗೆ ಎತ್ತಬಹುದು. ದೋಣಿ ನೆಟ್ಟಗೆ ನಿಲ್ಲುತ್ತದೆ, ಹಾಯಿಗೆ ಪೂರ್ತಿ ಗಾಳಿ ಸಿಗುತ್ತದೆ. ಸಾಲದಿದ್ದರೆ ಪಕ್ಕದ ಟ್ಯಾಂಕಿಗೆ ಸಮುದ್ರದ ನೀರನ್ನೇ ತುಂಬಿಸಿಕೊಳ್ಳುತ್ತಾರೆ.

ಒಂದೇ ಅಚ್ಚಿನ ಗಣಪ

ಗಣೇಶನ ಹಬ್ಬಕ್ಕೆ ಮೂರ್ತಿ ಮಾಡುವವರ ಶೆಡ್ಡಿಗೆ ಹೋಗಿ ನೋಡಿದ್ದೀರಾ? ಒಂದೇ ಅಚ್ಚಿನಿಂದ ತೆಗೆದ ಇಪ್ಪತ್ತು ಗಣಪ. ದೂರದಿಂದ ಎಲ್ಲಾ ಒಂದೇ. ಎತ್ತಿ ನೋಡಿದರೆ ಒಂದರ ತೂಕ ಇನ್ನೊಂದಕ್ಕಿಲ್ಲ. ಮಣ್ಣನ್ನು ಒತ್ತಿದ ಕೈ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಒತ್ತಿರುತ್ತದೆ.

ಕಾರ್ಬನ್ ದೋಣಿಯ ಕಥೆಯೂ ಅದೇ. ಅಚ್ಚಿನೊಳಗೆ ಬಟ್ಟೆಯಂಥ ಹಾಳೆಗಳನ್ನು ಅಂಟು ಸೇರಿಸಿ ಪದರ ಪದರವಾಗಿ ಹಾಸಿ, ಬಿಸಿ ಕೊಟ್ಟು ಗಟ್ಟಿ ಮಾಡುತ್ತಾರೆ. ಅಂಟು ಒಂದಿಷ್ಟು ಹೆಚ್ಚಾದರೆ ತೂಕ ಹೆಚ್ಚು. ಬೇರೆ ಬೇರೆ ಕೈಗೆ ಬೇರೆ ಬೇರೆ ದೋಣಿ ಕೊಟ್ಟರೆ 5ನೇ ನಂಬರ್ ಸೈಕಲ್ ಹುಟ್ಟುವುದು ಖಂಡಿತ.

ಆದ್ದರಿಂದ ದೋಣಿಗಳನ್ನು ಹಂಚದೆ ಭಾಗಗಳನ್ನು ಹಂಚಿದರು. ಎಲ್ಲಾ ದೋಣಿಗಳ ಒಡಲು ಇಟಲಿಯಲ್ಲಿ. ಎಲ್ಲದರ ಡೆಕ್, ಅಂದರೆ ಮೇಲಿನ ಹಾಸು, ಫ್ರಾನ್ಸಿನಲ್ಲಿ. ಒಳಗಿನ ಅಡ್ಡಗೋಡೆಗಳು ಸ್ವಿಟ್ಜರ್ಲೆಂಡಿನಲ್ಲಿ. ಜೋಡಣೆ ಇಂಗ್ಲೆಂಡಿನಲ್ಲಿ. ತಪ್ಪಾದರೂ ಎಲ್ಲದರಲ್ಲೂ ಅದೇ ತಪ್ಪು ಆಗಲಿ ಅನ್ನೋ ಲೆಕ್ಕ. ಕಟ್ಟಿದ ಮೇಲೆ ತೂಗಿ, ಅಳೆದು ಕೊಟ್ಟರು. 2014ರ ಅಕ್ಟೋಬರಿಗೆ 7 ತಂಡ ತಯಾರಾದವು.

ಚೈನಿಗೆ ಎಣ್ಣೆ ಹಾಕುವವರು ಯಾರು?

ಈಗ ಮಾವನ ಪ್ರಶ್ನೆಗೆ ಬರೋಣ. ಹೊಸದಿದ್ದಾಗ ಎಲ್ಲಾ ಒಂದೇ. ಮಾವನ ಸೈಕಲ್ಲುಗಳೂ ಅಂಗಡಿಗೆ ಬಂದ ದಿನ ಹಾಗೇ ಇದ್ದವಂತೆ. ಆಮೇಲೆ ಒಂದನ್ನು ಯಾರೋ ಚರಂಡಿಗೆ ಬೀಳಿಸಿದರು, ಇನ್ನೊಂದರಲ್ಲಿ ಮೂರು ಜನ ಕೂತು ಹೋದರು. ನನ್ನ ಪ್ರಕಾರ ಒನ್ ಡಿಸೈನಿನ ಕಷ್ಟವೆಲ್ಲ ಇರುವುದು ಇಲ್ಲೇ. ಒಂದೇ ತರ ಕಟ್ಟುವುದಕ್ಕಿಂತ ಒಂದೇ ತರ ಉಳಿಸಿಕೊಳ್ಳುವುದಕ್ಕೆ ಹೆಚ್ಚು ನಿಯಮ ಬೇಕು.

ಮೊದಲನೆಯದಾಗಿ, ಮೆಕ್ಯಾನಿಕ್ ಸಾಮಾನ್ಯ. ‘ಬೋಟ್‌ಯಾರ್ಡ್’ ಎಂಬ ಒಂದೇ ರಿಪೇರಿ ತಂಡ ಬಂದರಿನಿಂದ ಬಂದರಿಗೆ ಹೋಗಿ ಎಲ್ಲರ ದೋಣಿಯನ್ನೂ ನೋಡಿಕೊಳ್ಳುತ್ತಿತ್ತು. ಬಿಡಿಭಾಗಗಳು ಒಂದೇ ಉಗ್ರಾಣದಿಂದ. ಹಾಯಿಗಳು ಒಂದೇ ಕಂಪನಿಯವು, ನಾರ್ತ್ ಸೈಲ್ಸ್. ಎಷ್ಟು ಹಾಯಿ ಬಳಸಬಹುದು ಅನ್ನುವುದಕ್ಕೂ ಮಿತಿ. ಇಲ್ಲದಿದ್ದರೆ ದುಡ್ಡಿರುವವರು ಪ್ರತಿ ಬಂದರಿನಲ್ಲೂ ಹೊಸ ಹಾಯಿ ಏರಿಸುತ್ತಿದ್ದರು. ದೋಣಿಯ ಆಕಾರವನ್ನು ತಂಡದವರು ಮುಟ್ಟುವಂತಿಲ್ಲ.

ಇದರ ಲಾಭ ಬಹಳ ಬೇಗ ಕಂಡಿತು. 2014ರ ನವೆಂಬರ್ 29ರ ರಾತ್ರಿ ವೆಸ್ಟಾಸ್ ತಂಡದ ದೋಣಿ ಹಿಂದೂ ಮಹಾಸಾಗರದಲ್ಲಿ ಮಾರಿಷಸ್‌ಗೆ ಸೇರಿದ ಹವಳದ ದಿಬ್ಬಕ್ಕೆ ಪೂರಾ ವೇಗದಲ್ಲಿ ಹೋಗಿ ಅಪ್ಪಳಿಸಿತು. ಕಂಪ್ಯೂಟರ್ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದರೆ ಮಾತ್ರ ಆ ದಿಬ್ಬ ಕಾಣುತ್ತಿತ್ತು. ಫೋನಿನಲ್ಲಿ ಮ್ಯಾಪ್ ಝೂಮ್ ಮಾಡದಿದ್ದರೆ ಸಣ್ಣ ಓಣಿಗಳು ಕಾಣದ ಹಾಗೆ. ಅವರು ಅಲ್ಲಿ ಝೂಮ್ ಮಾಡಿರಲಿಲ್ಲ. ದೋಣಿಯಲ್ಲಿದ್ದ ವರದಿಗಾರನೂ ಸೇರಿ 9 ಜನರೂ ಬದುಕಿದರು. ಪಕ್ಕದಲ್ಲೇ ರೇಸಿನಲ್ಲಿದ್ದ ಅಲ್ವಿಮೆಡಿಕಾ ತಂಡ ಓಟ ಬಿಟ್ಟು ಬಂದು ಕಾವಲು ನಿಂತಿತು. ವೇಗ ಒಂದೇ ಆದ್ದರಿಂದ ದೋಣಿಗಳು ತೀರಾ ದೂರ ಹೋಗಿರುವುದಿಲ್ಲ. ಸಮುದ್ರದಲ್ಲಿ ಇದು ಚಿಕ್ಕ ಮಾತಲ್ಲ.

ಹಿಂಭಾಗ ನುಚ್ಚಾಗಿದ್ದ ಆ ದೋಣಿಯನ್ನು ಹೊರತೆಗೆದು ಇಟಲಿಗೆ ಸಾಗಿಸಿದರು. ಅಚ್ಚು ಅಲ್ಲೇ ಇತ್ತಲ್ಲ! ಮುರಿದ ಭಾಗವನ್ನು ಅದೇ ಅಚ್ಚಿನಲ್ಲಿ ಹೊಸದಾಗಿ ತೆಗೆದರು. 2015ರ ಜೂನ್ ಹೊತ್ತಿಗೆ ಅದು ಲಿಸ್ಬನ್‌ನಲ್ಲಿ ಮತ್ತೆ ರೇಸಿಗೆ ನಿಂತಿತ್ತು. ಬಾಕ್ಸ್ ರೂಲಿನ ಒಂಟಿ ದೋಣಿಯಾಗಿದ್ದರೆ ಇದು ಕನಸಿನ ಮಾತು.

ಮತ್ತೆ ಗೆಲ್ಲೋದು ಹೇಗೆ?

ಅಮ್ಮನ ಪ್ರಶ್ನೆ. ದೋಣಿ ಒಂದೇ ಆದರೂ ಅದನ್ನು ಹೂಡುವ ರೀತಿ ಒಂದೇ ಅಲ್ಲ. ಯಾವ ಹಾಯಿ ಯಾವಾಗ, ಹಗ್ಗ ಎಷ್ಟು ಬಿಗಿ, ಕೀಲ್ ಎಷ್ಟು ಓರೆ, ನೀರು ಎಷ್ಟು, ಇವೆಲ್ಲ ನಾವಿಕರ ಕೈಯಲ್ಲಿ. ಇನ್ನೊಂದು ಕೆಲಸ ಇದೆ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ದೋಣಿ ಗಾಳಿಯ ಇನ್ನೊಂದು ಬದಿಗೆ ತಿರುಗಿದಾಗಲೆಲ್ಲ ಒಳಗಿರುವ ಊಟದ ಚೀಲ, ಬಳಸದ ಹಾಯಿ, ಸಾಮಾನು ಸರಂಜಾಮು ಎಲ್ಲವನ್ನೂ ಆ ಬದಿಗೆ ಸಾಗಿಸಬೇಕು. ಒದ್ದೆಯಾದ ಹಾಯಿಯ ಮೂಟೆ ಅಂದರೆ ಹಮಾಲಿ ಕೆಲಸವೇ. ಮಧ್ಯರಾತ್ರಿ, ನೆಲ ಕುಣಿಯುತ್ತಿರುವಾಗ, ನಿದ್ದೆಗಣ್ಣಲ್ಲಿ. ಒಂದು ತಂಡ ಸೋಮಾರಿತನದಿಂದ ಒಂದು ಸಲ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಎದುರಾಳಿ ಮುಂದೆ ಹೋಗಿರುತ್ತಾನೆ.

ಎಲ್ಲಕ್ಕಿಂತ ದೊಡ್ಡದು ದಾರಿ. 2017-18ರ ರೇಸಿನ ಕೊನೆಯ ಹಂತ ಇದಕ್ಕೆ ಒಳ್ಳೆ ಉದಾಹರಣೆ. ಎಂಟು ತಿಂಗಳು, ಸುಮಾರು 45,000 ನಾಟಿಕಲ್ ಮೈಲು ಓಡಿದ ಮೇಲೂ ಡಾಂಗ್‌ಫೆಂಗ್, ಮಾಪ್ಫ್ರೆ, ಬ್ರೂನೆಲ್ ತಂಡಗಳು ಅಂಕಪಟ್ಟಿಯಲ್ಲಿ ಹೆಚ್ಚುಕಡಿಮೆ ಸಮ. (ಒಂದು ನಾಟಿಕಲ್ ಮೈಲು ಅಂದರೆ 1.852 ಕಿಲೋಮೀಟರ್.) ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ನೆದರ್ಲೆಂಡ್ಸಿನ ಹೇಗ್‌ಗೆ ಹೋಗಬೇಕು. ಉಳಿದ ಇಬ್ಬರು ಹೊರಸಮುದ್ರದ ದಾರಿ ಹಿಡಿದರು. ಡಾಂಗ್‌ಫೆಂಗ್ ದಡದ ಮಗ್ಗುಲಿಗೆ ಹೋಯಿತು. ಅಲ್ಲಿಯವರೆಗೆ ಒಂದು ಹಂತವನ್ನೂ ಗೆಲ್ಲದಿದ್ದ ತಂಡ ಕೊನೆಯ ಹಂತ ಗೆದ್ದು, ಇಡೀ ರೇಸನ್ನೇ ಗೆದ್ದಿತು. ದೋಣಿ ಚೆನ್ನಾಗಿತ್ತು ಅಂತ ಯಾರೂ ಹೇಳುವಂತಿರಲಿಲ್ಲ.

ದೋಣಿ ಒಂದೇ ಆದರೆ ತೋಳ್ಬಲ ಒಂದೇ ಆಗಬೇಕಲ್ಲ ಅಂತ ಕೇಳಬಹುದು. ಅದಕ್ಕೂ ಲೆಕ್ಕ ಇತ್ತು. 2014-15ರಲ್ಲಿ ಗಂಡಸರ ತಂಡಕ್ಕೆ 8 ಜನ, ಹೆಂಗಸರ ತಂಡಕ್ಕೆ 11. ಆ ಸಲ ಹೆಂಗಸರ ಎಸ್‌ಸಿಎ ತಂಡ ಲಿಸ್ಬನ್‌ನಿಂದ ಲೋರಿಯಾಂಗೆ ಹೋಗುವ ಹಂತ ಗೆದ್ದಿತು. ಹಾಗೆ ಹೆಂಗಸರ ತಂಡ ಒಂದು ಹಂತ ಗೆದ್ದು 25 ವರ್ಷ ಆಗಿತ್ತು.

ಎಲ್ಲರೂ ಒಪ್ಪಿದ್ದಾರಾ?

ಇಲ್ಲ. ದೋಣಿ ಬದಲಾಯಿಸುವಂತಿಲ್ಲ ಅಂದರೆ ಹೊಸ ವಿದ್ಯೆ ಎಲ್ಲಿ ಹುಟ್ಟಬೇಕು ಅನ್ನುವುದು ಎಂಜಿನಿಯರುಗಳ ತಕರಾರು. ಅದರಲ್ಲಿ ಹುರುಳಿದೆ. ಅಷ್ಟರಲ್ಲಿ ಫಾಯಿಲ್ ಬಂತು. ದೋಣಿಯನ್ನು ನೀರಿನಿಂದ ಮೇಲೆತ್ತಿ ಹಾರಿಸುವ ರೆಕ್ಕೆ ಅದು. ಹಾರುವ ದೋಣಿಗಳ ಮುಂದೆ ವೋಲ್ವೊ 65 ಹಳೆಯದಾಗಿ ಕಾಣತೊಡಗಿತು. 2023ರ ಓಷನ್ ರೇಸಿನಲ್ಲಿ ಭೂಮಿ ಸುತ್ತಿದ್ದು ‘ಇಮೊಕಾ’ ಎಂಬ ಬಾಕ್ಸ್ ರೂಲ್ ದೋಣಿಗಳು. 65ಕ್ಕೆ ಚಿಕ್ಕ ಪಂದ್ಯ ಸಿಕ್ಕಿತು. ಆದರೂ ಪಾಠ ಉಳಿಯಿತು. ಇಮೊಕಾದಲ್ಲಿ ಎಲ್ಲೆಂದರಲ್ಲಿ ಮುರಿಯುತ್ತಿದ್ದ ಎರಡು ಭಾಗ, ಹಾಯಿಕಂಬ ಮತ್ತು ಕೀಲ್, ಹೊಸ ದೋಣಿಗಳಿಗೆಲ್ಲ ಒಂದೇ ತರದವು.

ಪೂರಾ ಒಂದೇ ಅಚ್ಚಿನ ರೇಸುಗಳೂ ನಡೆಯುತ್ತಲೇ ಇವೆ. ಫ್ರಾನ್ಸಿನಲ್ಲಿ ಒಬ್ಬೊಬ್ಬರೇ ಓಡಿಸುವ ಫಿಗಾರೊ ರೇಸಿನ ಈಗಿನ ದೋಣಿಗೆ ಫಾಯಿಲ್ ಕೂಡ ಇದೆ. ಕ್ಲಿಪ್ಪರ್ ರೇಸಿನಲ್ಲಿ ಡಾಕ್ಟರು, ಮೇಷ್ಟ್ರು, ನಿವೃತ್ತರು ದುಡ್ಡು ಕೊಟ್ಟು, ತರಬೇತಿ ಪಡೆದು 70 ಅಡಿಯ ಒಂದೇ ತರದ ದೋಣಿಗಳಲ್ಲಿ ಭೂಮಿ ಸುತ್ತುತ್ತಾರೆ. ಅದನ್ನು ಶುರು ಮಾಡಿದವರು ರಾಬಿನ್ ನಾಕ್ಸ್-ಜಾನ್ಸ್ಟನ್. 1969ರಲ್ಲಿ ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲಿಗ. ಅವರ ದೋಣಿ ‘ಸುಹೈಲಿ’ ಕಟ್ಟಿದ್ದು ನಮ್ಮ ಮುಂಬೈಯಲ್ಲಿ, ಸಾಗುವಾನಿ ಮರದಲ್ಲಿ.

ಅಂದಹಾಗೆ ತಾರಿಣಿ ಭೂಮಿ ಸುತ್ತಿದ್ದು ರೇಸಿಗಾಗಿ ಅಲ್ಲ. ಗೋವಾದಲ್ಲಿ ಕಟ್ಟಿದ 56 ಅಡಿಯ ದೋಣಿ. ಅದೇ ಕಾರ್ಖಾನೆಯ ‘ಮ್ಹಾದೇಯಿ’ ಅದಕ್ಕೆ ಅಕ್ಕ ಇದ್ದ ಹಾಗೆ. ಎರಡನ್ನು ರೇಸಿಗೆ ಬಿಟ್ಟರೆ ಹೇಗಿರುತ್ತೆ ಅಂತ ಸುಮ್ನೆ ಯೋಚನೆ ಬಂತು.

ಮನೆಯಲ್ಲೇ ಕಟ್ಟುವ ಯಾಟ್

ಕೊನೆಗೆ ಹುಡುಗಿ ತೋರಿಸಿದ್ದು ‘ಗ್ಲೋಬ್ 5.80’ ಎಂಬ ಪುಟ್ಟ ದೋಣಿ. ಉದ್ದ 5.80 ಮೀಟರ್, ಒಂದೂವರೆ ಟಾಟಾ ಏಸ್ ಗಾಡಿಯಷ್ಟು. ಪ್ಲೈವುಡ್ಡಿನದು. ನಕ್ಷೆ ಕೊಂಡುಕೊಂಡು ಮನೆಯ ಶೆಡ್ಡಿನಲ್ಲೇ ಕಟ್ಟಿಕೊಳ್ಳಬಹುದು. ಕಂಪ್ಯೂಟರ್ ಯಂತ್ರದಲ್ಲಿ ಕತ್ತರಿಸಿದ ಹಲಗೆಗಳ ಕಿಟ್ ಕೂಡ ಸಿಗುತ್ತದೆ. ಕಟ್ಟಿದ ಮೇಲೆ ಅಳತೆ ತಪಾಸಣೆ ಆಗಬೇಕು. ಇಂಥ ದೋಣಿಗಳಲ್ಲಿ ಒಬ್ಬೊಬ್ಬರೇ ಭೂಮಿ ಸುತ್ತುವ ‘ಮಿನಿ ಗ್ಲೋಬ್ ರೇಸ್’ 2025ರ ಫೆಬ್ರವರಿಯಲ್ಲಿ ಕೆರಿಬಿಯನ್ ದ್ವೀಪ ಆಂಟಿಗುವಾದಿಂದ ಹೊರಟಿತು.

ಮಾವ ಅಷ್ಟು ಹೊತ್ತು ಮಂಡಕ್ಕಿ ತಿನ್ನುತ್ತಾ ಕೂತಿದ್ದವರು ಕೈ ಒರೆಸಿಕೊಂಡು ಫೋನು ಇಸಕೊಂಡರು. ಕನ್ನಡಕ ಏರಿಸಿ, ಒಬ್ಬ ವಯಸ್ಸಾದವನು ಶೆಡ್ಡಿನಲ್ಲಿ ಹಲಗೆಗೆ ಅಂಟು ಹಚ್ಚುತ್ತಿರುವ ವಿಡಿಯೊವನ್ನು ಎರಡು ಸಲ ನೋಡಿದರು.

“ಪ್ಲೈವುಡ್ಡು ಎಷ್ಟು ಎಂಎಂದು ಅಂತ ಬರ್ದಾರೇನಮ್ಮಾ?” ಅಂದರು.